ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಕೊಡಿಸುವ ಜಯನಗರದ ಆಫೀಸು: ಐದಕ್ಕೆ ಎರಡು

ಹೆಸರು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಂಥ ಆಫೀಸುಗಳು ಜಯನಗರ, ರಾಜಾಜಿನಗರ, ಕೋರಮಂಗಲದಲ್ಲಿ ಬೇಕಾದಷ್ಟಿವೆ. ಬೋರ್ಡ್ ಬೇರೆ ಬೇರೆ, ಆಡುವ ಮಾತು ಒಂದೇ. ಒಂದರ ಕಥೆ ಓದಿಕೊಂಡರೆ ಉಳಿದವಕ್ಕೂ ಸಾಕು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಅಕ್ಕನ ಮಗಳೂ ಇದೇ ಲೈನು. ಎಂ.ಎ. ಇಂಗ್ಲಿಷ್, ಬಿ.ಎಡ್. ಎರಡೂ ಮುಗಿಸಿ, ಬನಶಂಕರಿ ಕಡೆ ಒಂದು ಖಾಸಗಿ ಶಾಲೆಯಲ್ಲಿ 22 ಸಾವಿರಕ್ಕೆ ದುಡಿಯುತ್ತಿದ್ದಾಳೆ. ಅದರಲ್ಲಿ ಪಿ.ಜಿ. ಬಾಡಿಗೆ, ಬಸ್ಸು, ಫೋನು ಕಳೆದರೆ ಉಳಿಯುವುದು ಎಷ್ಟು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥವಳ ಇನ್‌ಸ್ಟಾಗ್ರಾಂಗೆ ಒಂದು ಜಾಹೀರಾತು ಬಂತು. ಕೊರಿಯಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ, ತಿಂಗಳಿಗೆ ಒಂದೂವರೆ ಲಕ್ಷ, ಮನೆ ಫ್ರೀ, ವಿಮಾನದ ಟಿಕೆಟ್ ಫ್ರೀ, ಕ್ಲಾಸು ಮಧ್ಯಾಹ್ನದ ಮೇಲೆ ಮಾತ್ರ. "ಚಿಕ್ಕಮ್ಮ, ನೀವೂ ಬನ್ನಿ, ಸುಮ್ನೆ ಕೇಳಿಕೊಂಡು ಬರೋಣ" ಅಂದಳು. ಹೋದೆವು.

ಇಷ್ಟು ಹೇಳಬೇಕು, ಈ ಥರದ ಕೆಲಸ ಸುಳ್ಳಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವ ಟ್ಯೂಷನ್ ಸೆಂಟರ್‌ಗಳು ಆ ಕಡೆ ದೊಡ್ಡ ಉದ್ಯಮ. ಕೊರಿಯಾದಲ್ಲಿ ಹಾಗ್ವಾನ್ ಅಂತಾರೆ, ಜಪಾನಿನಲ್ಲಿ ಜುಕು, ತೈವಾನಿನಲ್ಲಿ ಬುಶಿಬಾನ್. ಮಕ್ಕಳು ರಾತ್ರಿ ತನಕ ಅಲ್ಲೇ ಕೂತಿರುತ್ತಾರೆ. ಅದು ಎಷ್ಟರ ಮಟ್ಟಿಗೆ ಅಂದರೆ, ಸೋಲ್ ನಗರದಲ್ಲಿ ಹಾಗ್ವಾನ್‌ಗಳು ರಾತ್ರಿ 10ಕ್ಕೆ ಬಾಗಿಲು ಹಾಕಲೇಬೇಕು ಅಂತ ಕಾನೂನೇ ಮಾಡಿದ್ದಾರೆ. ವಿದೇಶಿ ಟೀಚರ್‌ಗೆ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕಾಣುವ ಸಂಬಳ 20 ಲಕ್ಷದಿಂದ 30 ಲಕ್ಷ ವಾನ್. ಒಂದು ರೂಪಾಯಿಗೆ ಸುಮಾರು 16 ವಾನ್ ಹಿಡಿದರೆ ಒಂದೂವರೆ ಲಕ್ಷ ರೂಪಾಯಿ ಅನ್ನುವುದು ಉತ್ಪ್ರೇಕ್ಷೆ ಏನಲ್ಲ. ಸಂಬಳದ ಅಂಕಿ ನೋಡಿ "ಇದು ಮೋಸ" ಅನ್ನುವವರೂ, ಅದನ್ನೇ ನೋಡಿ "ಇದು ನಿಜ" ಅನ್ನುವವರೂ ಇಬ್ಬರೂ ನೋಡಬಾರದ ಕಡೆ ನೋಡುತ್ತಿದ್ದಾರೆ ಅಂತ ನನಗೆ ಆಮೇಲೆ ಅನ್ನಿಸಿತು.

ಆಫೀಸು ಒಂದು ದರ್ಶಿನಿಯ ಮೇಲೆ, ಮೂರನೇ ಮಹಡಿ. ಲಿಫ್ಟ್ ಇದೆ, ಓಡುವುದಿಲ್ಲ. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಸಾಂಬಾರಿನ ಘಮ ಬರುತ್ತದೆ. ಒಳಗೆ ಗೋಡೆ ತುಂಬಾ ವೀಸಾ ಹಿಡಿದು ನಗುವ ಹುಡುಗ ಹುಡುಗಿಯರ ಫೋಟೋ. ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಕನ್ನಡಕ ತೆಗೆದು ಹಾಕಿ ಒಂದೊಂದೇ ನೋಡಿದೆ. ಬಹುಪಾಲು ಕೆನಡಾ, ಐರ್ಲೆಂಡಿನ ಸ್ಟೂಡೆಂಟ್ ವೀಸಾಗಳು. ಕೊರಿಯಾದ ಕೆಲಸದ ವೀಸಾ ಒಂದೂ ಕಾಣಲಿಲ್ಲ. ಸ್ಟಡಿ ಅಬ್ರಾಡ್ ಅಂತ ಶುರುವಾದ ಆಫೀಸು, ಈಗ ಜಾಬ್ ಅಬ್ರಾಡ್ ಅಂತಲೂ ಬೋರ್ಡ್‌ಗೆ ಸೇರಿಸಿಕೊಂಡಿದೆ, ಅಷ್ಟೇ.

ಕೌನ್ಸೆಲರ್ ಹುಡುಗ ಒಳ್ಳೆಯವನು. ಮರ್ಯಾದೆಯಿಂದ ಮಾತಾಡಿದ. ಕೆಳಗಿನಿಂದ ಕಾಫಿ ತರಿಸಿಕೊಟ್ಟ, ಸ್ಟ್ರಾಂಗ್ ಆಗಿತ್ತು. ಅದಕ್ಕೆ ಪೂರ್ತಿ ಅಂಕ. ಆಮೇಲೆ ಲೆಕ್ಕ ಹೇಳಿದ. ರಿಜಿಸ್ಟ್ರೇಷನ್ 5 ಸಾವಿರ. ಟೆಫಲ್ ಕೋರ್ಸು, ಅಂದರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ, 38 ಸಾವಿರ. ಪ್ಲೇಸ್‌ಮೆಂಟ್ 1 ಲಕ್ಷ 40 ಸಾವಿರ, ಅದರಲ್ಲಿ ಅರ್ಧ ಆಫರ್ ಲೆಟರ್ ಬಂದ ದಿನ, ಉಳಿದರ್ಧ ವೀಸಾ ಬಂದ ದಿನ. "ವೀಸಾ ಬಂದ ಮೇಲೇ ಪೂರ್ತಿ ದುಡ್ಡು, ನೋಡಿ ಮೇಡಂ, ನಾವು ಎಷ್ಟು ಟ್ರಾನ್ಸ್‌ಪರೆಂಟ್" ಅಂದ.

ನಾನು ಕೇಳಿದ್ದು ಒಂದೇ. "ರಿಕ್ರೂಟಿಂಗ್ ಏಜೆಂಟ್ ಲೈಸೆನ್ಸ್ ನಂಬರ್ ಕೊಡಪ್ಪ."

"ಅದು ಗಲ್ಫ್‌ಗೆ ಮಾತ್ರ ಮೇಡಂ. ಡ್ರೈವರು, ಮನೆಕೆಲಸ, ಅಂಥವರಿಗೆ."

ಇದು ಪಕ್ಕಾ ಸುಳ್ಳು. 1983ರ ವಲಸೆ ಕಾಯ್ದೆ ಪ್ರಕಾರ, ಭಾರತದವರನ್ನು ಹೊರದೇಶದ ಕೆಲಸಕ್ಕೆ ನೇಮಕ ಮಾಡಿಸಿಕೊಡುವವರು ವಿದೇಶಾಂಗ ಸಚಿವಾಲಯದ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರೆಂಟ್ಸ್ ಹತ್ತಿರ ನೋಂದಣಿ ಮಾಡಿಸಿರಲೇಬೇಕು. ಗಲ್ಫ್ ಅಂತ ಎಲ್ಲೂ ಇಲ್ಲ. ಈ ಗೊಂದಲ ಬರುವುದು ಬೇರೆ ಕಾರಣಕ್ಕೆ. ಹತ್ತನೇ ಕ್ಲಾಸು ಪಾಸಾಗದವರು ಕೆಲವು ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಆ ದೇಶಗಳಲ್ಲಿ ಗಲ್ಫ್ ಜಾಸ್ತಿ. ಅದು ಹೋಗುವವರಿಗೆ ಇರುವ ನಿಯಮ. ಕಳಿಸುವವರ ಲೈಸೆನ್ಸ್ ಬೇರೆ ವಿಷಯ. ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ನೋಂದಣಿ ಇಲ್ಲದೆ ವ್ಯವಹಾರ ಮಾಡಿ ಸಿಕ್ಕಿಬಿದ್ದವರ ಪಟ್ಟಿಯೂ ಇದೆ. ಅಲ್ಲೇ ಕೂತು ಫೋನಿನಲ್ಲಿ ನೋಡಿದೆವು. ಇವರು ಎರಡರಲ್ಲೂ ಇಲ್ಲ.

ಇನ್ನೊಂದು ಮಾತು, ಲೈಸೆನ್ಸ್ ಇರುವ ಏಜೆಂಟ್ ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30 ಸಾವಿರ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಇವರು ಕೇಳುತ್ತಿರುವುದು 1 ಲಕ್ಷ 40 ಸಾವಿರ. ರಸೀದಿ ಕೊಡ್ತೀರಾ ಅಂದರೆ "ಕನ್ಸಲ್ಟೇಷನ್ ಫೀ ಅಂತ ಕೊಡ್ತೀವಿ" ಅಂದ. ಕೆಲಸ ಕೊಡಿಸಿದ್ದಕ್ಕೆ ಅಂತ ಬರೆಯುವುದಿಲ್ಲ. ನಾಳೆ ಕೆಲಸ ಸಿಗದಿದ್ದರೆ ‘ಸಲಹೆ ಕೊಟ್ಟಿದ್ದೇವಲ್ಲ’ ಅನ್ನಬಹುದು. ಜಾಣರು.

ಇಷ್ಟಾದ ಮೇಲೂ ನಾವು ಎದ್ದು ಬರಲಿಲ್ಲ. ಹುಡುಗಿಗೆ ಆಸೆ ಇತ್ತು. ನನಗೂ, ಸರಿ, ಏಜೆಂಟ್ ಸರಿಯಿಲ್ಲದಿದ್ದರೂ ಆ ಕಡೆಯ ಶಾಲೆ ಸರಿಯಿರಬಹುದಲ್ವಾ ಅನ್ನಿಸಿತು. ರಿಜಿಸ್ಟ್ರೇಷನ್ ದುಡ್ಡು ಮಾತ್ರ ಕಟ್ಟಿ, ಕಾಂಟ್ರಾಕ್ಟಿನ ಪ್ರತಿ ಕೇಳಿ ತೆಗೆದುಕೊಂಡೆವು. ಆ ಕಾಂಟ್ರಾಕ್ಟಿನ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ. ಬೇರೆ ಏನೂ ಓದದಿದ್ದರೂ ಇದನ್ನು ಓದಿ.

ಐದು ಪುಟ, ಬರೀ ಇಂಗ್ಲಿಷ್. ಕೊರಿಯನ್ ಪ್ರತಿ ಇಲ್ಲ. ಉದ್ಯೋಗದಾತ ಅನ್ನುವ ಕಡೆ ಶಾಲೆಯ ಹೆಸರಿಲ್ಲ, ‘ಪಾರ್ಟ್‌ನರ್ ಅಕಾಡೆಮಿ’ ಅಂತಷ್ಟೇ ಇದೆ. ನಿಮಗೆ ಸಂಬಳ ಕೊಡುವವರು ಯಾರು ಅಂತಲೇ ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಬೇಕು.

ಅವಧಿ 11 ತಿಂಗಳು. ಸ್ಕೂಲಿನವರು ಬೇಸಿಗೆ ರಜೆ ಬಿಟ್ಟು ಲೆಕ್ಕ ಹಾಕಿದ್ದಾರೇನೋ ಅಂದುಕೊಂಡಳು ನಮ್ಮ ಹುಡುಗಿ. ಹಾಗಲ್ಲ. ಕೊರಿಯಾದ ಕಾನೂನಿನಲ್ಲಿ ಒಂದು ವರ್ಷ ಪೂರ್ತಿ ಕೆಲಸ ಮಾಡಿದವರಿಗೆ ಕೆಲಸ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳ ಕೊಡಬೇಕು, ನಮ್ಮ ಗ್ರ್ಯಾಚುಟಿ ಥರ. 11 ತಿಂಗಳಿಗೆ ಕೈಬಿಟ್ಟರೆ ಕೊಡಬೇಕಾಗಿಲ್ಲ.

ಸಂಬಳದಿಂದ ಶೇ. 3.3 ತೆರಿಗೆ ಕಡಿತ. ಓಹ್, ಇಷ್ಟು ಕಡಿಮೆ ತೆರಿಗೆಯಾ ಅಂತ ಖುಷಿಯಾಗುತ್ತದೆ. ಇಲ್ಲೇ ಇರುವುದು ಕುತಂತ್ರ. ಅಲ್ಲಿ ಶೇ. 3.3 ಕಡಿತ ಮಾಡುವುದು ಸ್ವತಂತ್ರವಾಗಿ ದುಡಿಯುವವರಿಗೆ, ಅಂದರೆ ಫ್ರೀಲಾನ್ಸರ್‌ಗಳಿಗೆ. ನೌಕರರಿಗೆ ಅಲ್ಲ. ಆ ಲೆಕ್ಕದಲ್ಲಿ ನಿಮ್ಮನ್ನು ತೋರಿಸಿದರೆ ಮಾಲೀಕರು ಪೆನ್ಷನ್, ಆರೋಗ್ಯ ವಿಮೆಗೆ ತಮ್ಮ ಪಾಲು ಕಟ್ಟುವುದು ತಪ್ಪುತ್ತದೆ. ಇದು ಹಾಗ್ವಾನ್‌ಗಳಲ್ಲಿ ಹಳೇ ಆಟ. ಕೊರಿಯಾಗೆ ಹೋದ ಅಮೆರಿಕ, ಇಂಗ್ಲೆಂಡಿನ ಟೀಚರ್‌ಗಳೂ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ವಾರಕ್ಕೆ 30 ‘ಟೀಚಿಂಗ್ ಅವರ್’. ನಾನು ಟೀಚರ್, ನನಗೆ ಇದು ಚೆನ್ನಾಗಿ ಗೊತ್ತು. ಪೀರಿಯಡ್ 40 ನಿಮಿಷದ್ದು ಅಂತ ಕೆಳಗೆ ಇನ್ನೊಂದು ಸಾಲಿನಲ್ಲಿದೆ. ಅಂದರೆ 30 ಗಂಟೆ ತುಂಬಲು 45 ಪೀರಿಯಡ್ ಪಾಠ ಮಾಡಬೇಕು. ವಾರಕ್ಕೆ ಐದು ದಿನ ಅಂದರೆ ದಿನಕ್ಕೆ ಒಂಬತ್ತು ಪೀರಿಯಡ್. ಮಧ್ಯೆ ನೋಟ್ಸು ತಿದ್ದುವುದು, ಪೋಷಕರಿಗೆ ಫೋನ್ ಮಾಡುವುದು, ಪ್ರೋಗ್ರೆಸ್ ರಿಪೋರ್ಟ್, ಇದ್ಯಾವುದೂ ಲೆಕ್ಕಕ್ಕಿಲ್ಲ. 30 ಗಂಟೆಯನ್ನು ಐದು ದಿನಕ್ಕೆ ಹಂಚಿ ‘ದಿನಕ್ಕೆ ಬರೀ ಆರು ಗಂಟೆ’ ಅನ್ನುವುದು ಹೇಗೆ ಅಂತ ಈಗ ಗೊತ್ತಾಯಿತಲ್ಲ.

ನಾಲ್ಕನೇ ಪುಟದಲ್ಲಿ, ಆರು ತಿಂಗಳೊಳಗೆ ಬಿಟ್ಟರೆ ದಂಡ ಅಂತ ಒಂದು ಮೊತ್ತ. ಕೆಲಸಗಾರ ಒಪ್ಪಂದ ಮುರಿದರೆ ಇಷ್ಟು ದಂಡ ಅಂತ ಮೊದಲೇ ಗೊತ್ತುಮಾಡಿ ಬರೆಸಿಕೊಳ್ಳುವುದನ್ನು ಕೊರಿಯಾದ ಕಾರ್ಮಿಕ ಕಾಯ್ದೆಯೇ ನಿಷೇಧಿಸಿದೆ. ಅದರ ಕೆಳಗಿನ ಸಾಲು ಓದಿ ನನಗೆ ಮೈ ಉರಿಯಿತು. ‘ಸುರಕ್ಷತೆಯ ದೃಷ್ಟಿಯಿಂದ’ ಟೀಚರ್‌ನ ಪಾಸ್‌ಪೋರ್ಟು ಅಕಾಡೆಮಿಯ ಹತ್ತಿರ ಇರಬೇಕಂತೆ. ನಮ್ಮ ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಯಾವ ಟ್ಯೂಷನ್ ಸೆಂಟರಿನ ಓನರ್ ಕೈಲೂ ಅದನ್ನು ಇಡುವಂತಿಲ್ಲ. ಅಲ್ಲಿನ ವಲಸೆ ಕಾನೂನೂ ವಿದೇಶಿ ನೌಕರರ ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳಲು ಬಿಡುವುದಿಲ್ಲ. ಮನೆಕೆಲಸಕ್ಕೆ ಅಂತ ಗಲ್ಫ್‌ಗೆ ಹೋದ ನಮ್ಮ ಹೆಣ್ಣುಮಕ್ಕಳ ಪಾಡು ಪೇಪರಿನಲ್ಲಿ ಓದಿದವರಿಗೆ ಈ ಒಂದು ಸಾಲು ಸಾಕು, ಕಾಗದ ಮಡಚಿ ಎದ್ದು ಬರಲು.

ಕೌನ್ಸೆಲರ್‌ಗೆ ತೋರಿಸಿದೆ. "ಅದು ಸ್ಟಾಂಡರ್ಡ್ ಫಾರ್ಮ್ಯಾಟ್ ಮೇಡಂ, ಯಾರೂ ಹಾಗೆ ಮಾಡಲ್ಲ" ಅಂದ. ಯಾರೂ ಮಾಡದಿದ್ದರೆ ಬರೆದಿದ್ದು ಯಾಕಪ್ಪ?

ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಟೀಚರ್ ಹತ್ತಿರ ಮಾತಾಡಬೇಕು ಅಂತ ಪಟ್ಟು ಹಿಡಿದೆವು. ಒಂದು ವಾಟ್ಸಾಪ್ ನಂಬರ್ ಕೊಟ್ಟರು. ನಂಬರ್ ಶುರುವಾಗುವುದು ಪ್ಲಸ್ ತೊಂಬತ್ತೊಂದರಿಂದ. "ಇಂಡಿಯಾ ನಂಬರೇ ಇಟ್ಟುಕೊಂಡಿದ್ದೀನಿ, ರೋಮಿಂಗ್" ಅಂದಳು ಆ ಕಡೆಯ ಹುಡುಗಿ. ಸರಿ. ಶಾಲೆ ಚೆನ್ನಾಗಿದೆ, ಮಕ್ಕಳು ಮುದ್ದು, ಡೈರೆಕ್ಟರ್ ತಂದೆ ಸಮಾನ. ನಮ್ಮವಳು ತಲೆ ಆಡಿಸುತ್ತಾ ಕೇಳುತ್ತಿದ್ದಳು, ಫೋನ್ ಸ್ಪೀಕರಿನಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಮೈಕಿನಲ್ಲಿ ಕೇಳಿಸಿತು: "ದಂಟಿನ ಸೊಪ್ಪು, ಪಾಲಕ್ ಸೊಪ್ಪು, ಮೆಂತ್ಯ ಸೊಪ್ಪೂ..." ಸೋಲ್‌ನಲ್ಲೂ ಬೆಳಗ್ಗೆ ಗಾಡಿಯಲ್ಲಿ ದಂಟಿನ ಸೊಪ್ಪು ಮಾರುತ್ತಾರೆ ಅಂತ ಅವತ್ತು ತಿಳಿದುಕೊಂಡೆ.

ನಮ್ಮವಳಿಗೆ ಆಗ ಛಲ ಬಂತು. ಆ ಅಕಾಡೆಮಿಯ ಹೆಸರು, ವಿಳಾಸ ಕೊಡುವ ತನಕ ಬಿಡಲಿಲ್ಲ. ಕೊನೆಗೆ ಸೋಲ್ ಪಕ್ಕದ ಊರಿನ ಒಂದು ಅಕಾಡೆಮಿಯ ಹೆಸರು ಕೊಟ್ಟರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಈ ಕಾಲದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕೊರಿಯಾದಲ್ಲಿ ಪ್ರತಿ ವ್ಯಾಪಾರಕ್ಕೂ ಹತ್ತು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಮೂರು, ಎರಡು, ಐದು ಹೀಗೆ ಬಿಡಿಸಿ ಬರೆದಿರುತ್ತಾರೆ. ಅಕಾಡೆಮಿಯ ವೆಬ್‌ಸೈಟಿನ ತಳದಲ್ಲಿ ಅದು ಸಿಕ್ಕಿತು. ಅಲ್ಲಿನ ತೆರಿಗೆ ಇಲಾಖೆಯ ಹೋಮ್‌ಟ್ಯಾಕ್ಸ್ ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರ ನಡೆಯುತ್ತಿದೆಯಾ, ಮುಚ್ಚಿದೆಯಾ ಗೊತ್ತಾಗುತ್ತದೆ. ನಡೆಯುತ್ತಿತ್ತು. ಕೊರಿಯಾದವರ ನೇವರ್ ಮ್ಯಾಪಿನಲ್ಲಿ ಆ ರಸ್ತೆಯ ಫೋಟೋ ತೆರೆದು ನೋಡಿದಳು. ಕೆಳಗೆ ಔಷಧಿ ಅಂಗಡಿ, ನಾಲ್ಕನೇ ಮಹಡಿಯಲ್ಲಿ ಹಳದಿ ಬೋರ್ಡು, ಅಕಾಡೆಮಿಯದೇ ಹೆಸರು. ಅವರ ಬ್ಲಾಗಿನಲ್ಲಿ ಹ್ಯಾಲೋವೀನ್ ದಿನ ಮಕ್ಕಳು ವೇಷ ಹಾಕಿಕೊಂಡ ಫೋಟೋ. ಶಾಲೆ ನೂರಕ್ಕೆ ನೂರು ನಿಜ.

ನೋಡಿ, ಇಲ್ಲೇ ಜನ ಎಡವುವುದು. ಶಾಲೆ ಇದೆ, ಬೋರ್ಡಿದೆ, ಮಕ್ಕಳಿದ್ದಾರೆ, ಇನ್ನೇನು ಬೇಕು ಅಂತ ದುಡ್ಡು ಕಟ್ಟಿಬಿಡುತ್ತಾರೆ. ನಮ್ಮವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅಕಾಡೆಮಿಗೇ ನೇರವಾಗಿ ಮೇಲ್ ಹಾಕಿದಳು. ನಾನು ಭಾರತದವಳು, ಬೆಂಗಳೂರಿನ ಇಂಥ ಏಜೆನ್ಸಿ ನಿಮ್ಮಲ್ಲಿ ಕೆಲಸ ಇದೆ ಅಂತ ಹೇಳುತ್ತಿದೆ, ಹೌದಾ? ಎರಡೇ ಸಾಲಿನ ಉತ್ತರ ಬಂತು. ಆ ಏಜೆನ್ಸಿ ನಮಗೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ನಾವು ಇ-2 ವೀಸಾ ಮಾಡಿಸಲು ಆಗುವುದಿಲ್ಲ, ಕ್ಷಮಿಸಿ.

ಹೌದು. ಕೊರಿಯಾದಲ್ಲಿ ಹಾಗ್ವಾನ್ ಟೀಚರ್‌ಗೆ ಬೇಕಾದ ವೀಸಾ ಇ-2. ಅದನ್ನು ಇಂಗ್ಲಿಷ್ ಪಾಠಕ್ಕೆ ಕೊಡುವುದು ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನೀವು ಎಂ.ಎ. ಗೋಲ್ಡ್ ಮೆಡಲ್ ಆಗಿರಿ, ನಿಮ್ಮ ಇಂಗ್ಲಿಷ್ ಲಂಡನ್ನಿನವರಿಗಿಂತ ಚೆನ್ನಾಗಿರಲಿ, ಪಾಸ್‌ಪೋರ್ಟಿನ ಬಣ್ಣ ನೋಡಿ ಬಾಗಿಲು. ಭಾರತಕ್ಕೆ ಒಂದು ಸಣ್ಣ ಕಿಟಕಿ ಇದೆ. 2010ರ ಜನವರಿಯಿಂದ ಜಾರಿಯಲ್ಲಿರುವ ಭಾರತ-ಕೊರಿಯಾ ಸೆಪಾ ಅನ್ನುವ ವ್ಯಾಪಾರ ಒಪ್ಪಂದದಲ್ಲಿ, ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿನ ಪ್ರಾಥಮಿಕ, ಪ್ರೌಢ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು ಅಂತ ಇದೆ. ಶಾಲೆಗಳಿಗೆ, ಹಾಗ್ವಾನ್‌ಗಳಿಗಲ್ಲ. ಕೊರಿಯಾದವರನ್ನೇ ಮದುವೆಯಾಗಿ ಹೋದರೆ ಆ ವೀಸಾದಲ್ಲಿ ಕೆಲಸ ಮಾಡಬಹುದು. ಅದಕ್ಕೂ ಇವರ ಹತ್ತಿರ ಪ್ಯಾಕೇಜ್ ಇದೆಯಾ ಅಂತ ಕೇಳಲಿಲ್ಲ.

ಹಾಗಾದರೆ ಇವರು ಹೇಗೆ ಕಳಿಸುತ್ತಾರೆ? ಕೇಳಿದರೆ ಕೌನ್ಸೆಲರ್ ಸ್ವಲ್ಪ ದನಿ ತಗ್ಗಿಸಿದ. "ಮೊದಲು ಡಿ-4ರಲ್ಲಿ ಹೋಗ್ತಾರೆ ಮೇಡಂ, ಅಲ್ಲಿ ಹೋದ ಮೇಲೆ ಕನ್ವರ್ಟ್." ಡಿ-4 ಅಂದರೆ ಕೊರಿಯನ್ ಭಾಷೆ ಕಲಿಯಲು ಬರುವವರ ವೀಸಾ. ಆರು ತಿಂಗಳಾದ ಮೇಲೆ ಅನುಮತಿ ಪಡೆದು ಪಾರ್ಟ್‌ಟೈಮ್ ಮಾಡಬಹುದು, ಅಷ್ಟೇ. ಅದರಲ್ಲಿ ಹೋಗಿ ಹಾಗ್ವಾನ್‌ನಲ್ಲಿ ಪಾಠ ಮಾಡಿದರೆ ಸಿಕ್ಕಿಬಿದ್ದ ದಿನ ದಂಡ, ಗಡೀಪಾರು. ಸಂಬಳ ಕೊಡದಿದ್ದರೆ ಯಾರ ಹತ್ತಿರ ಹೋಗಿ ದೂರು ಕೊಡುತ್ತೀರಿ? ಕನ್ವರ್ಟ್ ಅಂತೂ ಆಗುವ ಮಾತೇ ಅಲ್ಲ, ಇ-2ಗೆ ಏಳು ದೇಶದ ಪಟ್ಟಿ ಅಲ್ಲಿ ಹೋದ ಮೇಲೂ ಅದೇ ಪಟ್ಟಿ.

ಈ ಕೆಲಸ ನಂಬಬಹುದಾ ಅಂತ ಈಗ ಯಾರು ಕೇಳಿದರೂ ನಾನು ಕೇಳುವ ಮೊದಲ ಪ್ರಶ್ನೆ: ಯಾವ ವೀಸಾ? ಆ ವೀಸಾ ನಮ್ಮ ಪಾಸ್‌ಪೋರ್ಟಿಗೆ ಕೊಡುತ್ತಾರಾ? ಸಂಬಳ, ಮನೆ, ಫೋಟೋ, ವಿಮರ್ಶೆ ಎಲ್ಲಾ ಆಮೇಲೆ. ಆ ದೇಶದ ರಾಯಭಾರ ಕಚೇರಿಯ ಪುಟದಲ್ಲಿ ಹತ್ತು ನಿಮಿಷ ಕೂತರೆ ಉತ್ತರ ಸಿಗುತ್ತದೆ. ಏಜೆಂಟರ ಬಾಯಲ್ಲಿ ಮಾತ್ರ ಸಿಗುವುದಿಲ್ಲ.

ಜಪಾನಿನಲ್ಲಿ ಬಾಗಿಲು ಸ್ವಲ್ಪ ದೊಡ್ಡದು. ಅಲ್ಲಿ ಏಳು ದೇಶ ಅಂತ ಪಟ್ಟಿ ಇಲ್ಲ, ಡಿಗ್ರಿ ಬೇಕು. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಹಲವು ಕಂಪನಿಗಳು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು ಅಂತ ಕೇಳುತ್ತವೆ. ನಮ್ಮ ಕಡೆ ಕಾನ್ವೆಂಟಿನಲ್ಲಿ ಓದಿದವರಿಗೆ ಇದು ಸಲೀಸು, ಹತ್ತನೇ ಕ್ಲಾಸ್ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಕಷ್ಟ. ನಮ್ಮವಳು ಎರಡನೇ ಗುಂಪು. ಜಪಾನಿನ ಕೆಲಸ ನಿಜವಾದರೆ ಅಲ್ಲಿನ ಕಂಪನಿಯೇ ಅಲ್ಲಿನ ವಲಸೆ ಇಲಾಖೆಗೆ ಅರ್ಜಿ ಹಾಕಿ, ಸಿಒಇ ಅನ್ನುವ ಅರ್ಹತಾ ಪತ್ರ ತರಿಸಿ ನಿಮಗೆ ಕಳಿಸುತ್ತದೆ. ಅದನ್ನಿಟ್ಟುಕೊಂಡು ಇಲ್ಲಿ ವೀಸಾ ಕೇಳಬೇಕು. ಇಲ್ಲಿನ ಏಜೆಂಟ್ "ಸಿಒಇ ನಾವೇ ಮಾಡಿಸ್ತೀವಿ" ಅಂದರೆ ಅನುಮಾನ ಪಡಿ.

ಕೊರಿಯಾ ಕೈತಪ್ಪಿತು ಅಂತ ಗೊತ್ತಾದ ಕೂಡಲೇ ನಮ್ಮ ಕೌನ್ಸೆಲರ್ ಥಾಯ್ಲೆಂಡ್ ತೆಗೆದ. ಇದು ನಿಜಕ್ಕೂ ಭಾರತದವರು ಹೋಗುವ ದೇಶ. ಫಿಲಿಪೀನ್ಸಿನವರ ಜೊತೆ ನಮ್ಮವರೂ ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾರೆ. ಬಿಳಿ ಟೀಚರ್‌ಗಿಂತ ಸಂಬಳ ಕಡಿಮೆ, ಅದನ್ನು ಜಾಹೀರಾತಿನಲ್ಲೇ ಸಂಕೋಚವಿಲ್ಲದೆ ಬರೆದಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಕೆಲಸ ಕಾನೂನುಬದ್ಧ. ನಾನ್-ಇಮಿಗ್ರೆಂಟ್ ಬಿ ವೀಸಾ, ಅದರ ಮೇಲೆ ವರ್ಕ್ ಪರ್ಮಿಟ್, ಎರಡೂ ಬೇಕು. ನಮ್ಮ ಏಜೆಂಟ್ ಹೇಳಿದ್ದು ಇದಲ್ಲ. "ವೀಸಾನೇ ಬೇಡ ಮೇಡಂ, ಇಂಡಿಯನ್ಸ್‌ಗೆ ಫ್ರೀ ಎಂಟ್ರಿ. ಹೋಗಿ ಕೂತ್ಕೊಳ್ಳಿ, ಆಮೇಲೆ ಮಾಡ್ಕೊಳ್ಳೋಣ" ಅಂದ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ನಮ್ಮವರನ್ನು ವೀಸಾ ಇಲ್ಲದೆ ಒಳಗೆ ಬಿಡಲು ಶುರು ಮಾಡಿದ್ದು ಬೀಚು ನೋಡಲು ಬರುವವರಿಗೆ. ಪಾಠ ಮಾಡಲು ಅಲ್ಲ.

ಇದರಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಿಗೆ ನಮ್ಮ ಹುಡುಗರನ್ನು ತಳ್ಳುತ್ತಿದ್ದಾರೆ ಅಂತ 2022ರ ಸೆಪ್ಟೆಂಬರಿನಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು. ಆಗ ಗುರಿಯಾಗಿದ್ದು ಕಂಪ್ಯೂಟರ್ ಗೊತ್ತಿದ್ದ ಹುಡುಗರು. ಇಂಗ್ಲಿಷ್ ಚೆನ್ನಾಗಿ ಬರೆಯುವ, ಮಾತಾಡುವ ಹುಡುಗಿ ಅಂಥವರಿಗೆ ಬೇಡವಾಗುತ್ತಾಳೆಯೇ? ಕೆಲಸದ ವೀಸಾ ಇಲ್ಲದೆ "ಬಂದು ಕೂತ್ಕೊಳ್ಳಿ" ಅಂದರೆ ನಾನಂತೂ ನಮ್ಮ ಮನೆಯ ಮಕ್ಕಳನ್ನು ಕಳಿಸುವುದಿಲ್ಲ.

ಎಲ್ಲಾ ಕಾಗದ ಸರಿಯಿದ್ದರೂ ಕಂಪನಿಯೇ ಮುಳುಗಬಹುದು, ಇದನ್ನೂ ಹೇಳಬೇಕು. ಜಪಾನಿನ ನೋವಾ ಆ ದೇಶದ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣೆ ಶಾಲೆಗಳ ಸರಣಿಯಾಗಿತ್ತು. 2007ರ ಅಕ್ಟೋಬರಿನಲ್ಲಿ ಕುಸಿದು ಬಿತ್ತು. ಸಾವಿರಾರು ವಿದೇಶಿ ಟೀಚರ್‌ಗಳಿಗೆ ಸಂಬಳ ಇಲ್ಲ. ಸಂಬಳದಿಂದ ಮನೆ ಬಾಡಿಗೆ ಹಿಡಿದುಕೊಂಡು ಮನೆ ಮಾಲೀಕರಿಗೆ ಕಟ್ಟದೆ ಇದ್ದದ್ದರಿಂದ ಕೆಲವರಿಗೆ ಮನೆ ಖಾಲಿ ಮಾಡಿ ಅನ್ನುವ ನೋಟಿಸೂ ಬಂತು. ಊಟಕ್ಕೆ ಬದಲಾಗಿ ಪಾಠ ಹೇಳಿಕೊಡುವ ಸ್ಥಿತಿ ಬಂತು. ಮುಂದಿನ ವರ್ಷ ಅದರ ಅಧ್ಯಕ್ಷರ ಬಂಧನವಾಯಿತು. ಚೀನಾದಲ್ಲಿ ಕಂಪನಿಯ ತಪ್ಪೂ ಬೇಕಾಗಲಿಲ್ಲ. 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್‌ಗೆ ಕಡಿವಾಣ ಹಾಕಿದ್ದೇ ತಡ, ಇಡೀ ಉದ್ಯಮ ಕುಸಿಯಿತು. ವಿಯೆಟ್ನಾಂನ ಅಪಾಕ್ಸ್ ಲೀಡರ್ಸ್ ಕೂಡ ಹೀಗೇ. ಊರೂರಲ್ಲಿ ಶಾಖೆ, ಆಮೇಲೆ ಸಂಬಳ ಬಾಕಿ, ಫೀಸು ವಾಪಸ್ ಕೇಳುವ ಪೋಷಕರ ಸಾಲು. 2024ರ ಮಾರ್ಚಿನಲ್ಲಿ ಅದರ ಅಧ್ಯಕ್ಷರನ್ನೂ ಪೊಲೀಸರು ಹಿಡಿದರು. ಹಾಗಾಗಿ ಮನೆ ಫ್ರೀ ಅಂದರೆ ಬಾಡಿಗೆ ಕರಾರು ಯಾರ ಹೆಸರಲ್ಲಿದೆ ಅಂತ ಕೇಳಿ. ವಾಪಸ್ ಬರುವ ಟಿಕೆಟ್ಟಿನಷ್ಟು ದುಡ್ಡು ನಿಮ್ಮದೇ ಖಾತೆಯಲ್ಲಿರಲಿ.

ಇವರ ಟೆಫಲ್ ಕೋರ್ಸಿನ ಬಗ್ಗೆ ಎರಡು ಮಾತು. 120 ಗಂಟೆಯ ಸರ್ಟಿಫಿಕೇಟು ಅಂತಾರೆ. ಸ್ಯಾಂಪಲ್ ತೋರಿಸಿ ಅಂದೆ. ಪಿಡಿಎಫ್‌ಗಳು, ಪ್ರತಿ ಅಧ್ಯಾಯದ ಕೊನೆಗೆ ಹತ್ತು ಆಬ್ಜೆಕ್ಟಿವ್ ಪ್ರಶ್ನೆ. ಒಂದು ದಿನವೂ ನಿಜವಾದ ಮಕ್ಕಳ ಮುಂದೆ ನಿಲ್ಲಬೇಕಾಗಿಲ್ಲ. ಟೆಫಲ್ ಅನ್ನುವ ಹೆಸರಿಗೆ ಯಾವ ಸರ್ಕಾರದ ಹಿಡಿತವೂ ಇಲ್ಲ, ಯಾರು ಬೇಕಾದರೂ ಸರ್ಟಿಫಿಕೇಟ್ ಕೊಡಬಹುದು. ಅದೇ ಕೇಂಬ್ರಿಡ್ಜಿನ ಸೆಲ್ಟಾ ಅನ್ನುವ ಟೀಚರ್ ತರಬೇತಿಯಲ್ಲಿ ಆರು ಗಂಟೆ ನಿಜವಾದ ಕ್ಲಾಸು ತೆಗೆದುಕೊಳ್ಳಬೇಕು, ಹಿಂದೆ ಕೂತು ನೋಡಿ ಅಂಕ ಹಾಕುತ್ತಾರೆ. ನಾನು ಜ್ಞಾನಭಾರತಿಯ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಲ್ಲಿ ತರಬೇತಿ ಪಡೆದವಳು. ಅಲ್ಲಿ ಸಹಪಾಠಿಗಳ ಮುಂದೆ ಪಾಠ ಮಾಡಿ ಬೈಸಿಕೊಂಡಷ್ಟು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಬಿ.ಎಡ್. ಆದ ಹುಡುಗಿಗೆ ಈ 38 ಸಾವಿರದ ಪಿಡಿಎಫ್ ಸುಮ್ನೆ ದಂಡ.

ಹಾಗಂತ ಇವರನ್ನು ಪೂರ್ತಿ ತೆಗೆದುಹಾಕುವ ಹಾಗೂ ಇಲ್ಲ. ಕಾಗದಪತ್ರದ ಕೆಲಸ ಚೆನ್ನಾಗಿ ಮಾಡುತ್ತಾರೆ. ಡಿಗ್ರಿ ಸರ್ಟಿಫಿಕೇಟಿಗೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದವರು ಒಪ್ಪುವ ದೃಢೀಕರಣದ ಮುದ್ರೆ, ಇದನ್ನು ಅವರ ಹತ್ತಿರವೇ ಮಾಡಿಸಿದೆವು. ಹೇಳಿದ ದಿನಕ್ಕೆ ಕೊಟ್ಟರು, ಒರಿಜಿನಲ್‌ಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅರ್ಜಿ ತೆಗೆದುಕೊಳ್ಳುವ ಸಂಸ್ಥೆಯ ಚಾರ್ಜು ಬೇರೆ. ಇವರು ಎಲ್ಲಾ ಸೇರಿ 2,500 ತೆಗೆದುಕೊಂಡರು. ಓಡಾಟ ಉಳಿಯಿತು ಅಂತ ಕೊಟ್ಟೆವು. ಒಂದು ವಿಷಯ, ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಆ ಒಪ್ಪಂದಕ್ಕೆ ಸೇರದ ದೇಶಕ್ಕೆ ಹೋಗುವುದಾದರೆ ಅಪೊಸ್ಟಿಲ್ ನಡೆಯುವುದಿಲ್ಲ, ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕು. ದೇಶ ಗೊತ್ತಾಗದೆ ಮಾಡಿಸಬೇಡಿ. ಪೊಲೀಸ್ ಕ್ಲಿಯರೆನ್ಸ್‌ಗೆ ಮಾತ್ರ ಇವರಿಗೆ ಒಂದು ಪೈಸೆ ಕೊಡಬೇಡಿ. ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ 500 ರೂಪಾಯಿ ಕಟ್ಟಿ ಲಾಲ್‌ಬಾಗ್ ರಸ್ತೆಯದೋ ಮಾರತಹಳ್ಳಿಯದೋ ಸೇವಾ ಕೇಂದ್ರಕ್ಕೆ ನೀವೇ ಹೋದರಾಯಿತು. ಇವರು ಅದಕ್ಕೆ ನಾಲ್ಕು ಸಾವಿರ ಹೇಳಿದ್ದರು.

ರಿಜಿಸ್ಟ್ರೇಷನ್ನಿನ 5 ಸಾವಿರ ವಾಪಸ್ ಕೇಳಿದೆವು. ನಾನ್-ರಿಫಂಡಬಲ್ ಅಂದರು. ಅಕಾಡೆಮಿಯಿಂದ ಬಂದ ಮೇಲ್ ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದೆ ಇಟ್ಟು, ಇದರ ಒಂದು ಪ್ರತಿ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಆಫೀಸಿಗೂ ಕೊಡೋಣ ಅಂತಿದ್ದೀವಿ ಅಂದೆ. ಸಂಜೆಯೊಳಗೆ ಫೋನ್‌ಪೇಗೆ ಬಂತು. ಆದರೂ ಆ ಪ್ರತಿಯನ್ನು ಕೊಟ್ಟೆವು.

ಹುಡುಗಿ ಈಗ ಏಜೆಂಟ್ ಇಲ್ಲದೆ ಥಾಯ್ಲೆಂಡಿನ ಒಂದು ಭಾಷಾ ಕೇಂದ್ರದ ಜೊತೆ ನೇರವಾಗಿ ಮಾತಾಡುತ್ತಿದ್ದಾಳೆ. ವಿಡಿಯೋ ಕಾಲಿನಲ್ಲಿ ಡೆಮೊ ಕ್ಲಾಸ್ ತೆಗೆದುಕೊಂಡರು, ದುಡ್ಡು ಕೇಳಲಿಲ್ಲ. ವೀಸಾಕ್ಕೆ ಬೇಕಾದ ಕಾಗದ ಅವರು ಕಳಿಸುವ ತನಕ ಇಲ್ಲಿನ ಕೆಲಸ ಬಿಡಬೇಡ ಅಂದಿದ್ದೇನೆ. ಅಕ್ಕನಿಗೆ ಮಗಳು ಹೋಗುವುದೇ ಬೇಡ, ಅದು ಬೇರೆ ಜಗಳ.

ಈ ಆಫೀಸಿಗೆ ಹೋಗುವುದೇ ಆದರೆ ಅಪೊಸ್ಟಿಲ್‌ಗೆ ಹೋಗಿ. ಬಾಗಿಲಿನಿಂದ ಎರಡನೇ ಟೇಬಲ್, ಕನ್ನಡಕ ಹಾಕಿಕೊಂಡ ಹೆಣ್ಣುಮಗಳು, ಕೆಲಸ ಅಚ್ಚುಕಟ್ಟು. ಗಾಜಿನ ಕ್ಯಾಬಿನ್ ಒಳಗೆ ಕರೆದರೆ ಹೋಗಬೇಡಿ. ಮಧ್ಯಾಹ್ನ ಒಂದರಿಂದ ಎರಡೂವರೆ ಊಟದ ಹೊತ್ತು, ಭಾನುವಾರ ರಜಾ. ಮಂಡಿನೋವು ಇರುವವರು ಲಿಫ್ಟ್ ಸರಿಯಾಗಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ.